ಗಾಜಿನ ಪಾಟಿಯೂ ಹೆಬ್ಬೆರಳೂ

ಗೋಲಿಯಾಡುವ ಹುಡುಗನ ಕಣ್ಣು ಎಲ್ಲಿರುತ್ತದೆಂಬುದನ್ನು ವಾಚಕರು ಒಮ್ಮೆ ಗಮನಿಸಿ ನೋಡಬೇಕು. ಎಡಗೈಯ ಹೆಬ್ಬೆರಳನ್ನು ನೆಲಕ್ಕೂರಿ, ನಡುಬೆರಳಿನ ತುದಿಗೆ ಗುಂಡವನ್ನು ಆನಿಸಿ, ಆ ಬೆರಳನ್ನು ಬಲಗೈಯಿಂದ ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಹಿಡಿದಿರುವಾಗ ಅವನು ತನ್ನ ಕೈಯನ್ನು ನೋಡುವುದೇ ಇಲ್ಲ. ದೃಷ್ಟಿಯೆಲ್ಲವೂ ಎರಡು ಮಾರು ದೂರದಲ್ಲಿರುವ ಗುರಿಯ ಗುಂಡದ ಮೇಲೆ ನೆಟ್ಟಿರುತ್ತದೆ. ಎಷ್ಟು ಬಾಗಿಸಿದರೆ ಎಷ್ಟು ವೇಗವೆಂಬ ಲೆಕ್ಕವನ್ನು ಬೆರಳಿನ ನರವೇ ಮಾಡಿಕೊಳ್ಳುತ್ತದೆ. ಭೀಮಾ ನದಿಯ ದಕ್ಷಿಣಕ್ಕೆ, ಕರಿಮಣ್ಣಿನ ಬಯಲುಸೀಮೆಯಲ್ಲಿರುವ ಆಲಮೇಲದ ಓಣಿಗಳಲ್ಲಿ ಈ ವಿದ್ಯೆಯನ್ನು ಯಾವ ಗುರುವೂ ಯಾವ ಶಿಷ್ಯನಿಗೂ ಪಾಠ ಹೇಳಿಕೊಟ್ಟಿಲ್ಲ. ನೆಲವು ಕಲಿಸಿತು, ಬೆರಳು ಕಲಿಯಿತು.

ಪಿನ್‌ಬಾಲ್ ಎಂಬ ಆಟವು ಇದೇ ಗೋಲಿಯನ್ನು ಇಳಿಜಾರಾದ ಹಲಗೆಯ ಮೇಲೇರಿಸಿದಂಥದು. ಅದರ ಮೂಲಪುರುಷನಾದ ಬ್ಯಾಗಟೆಲ್ ಎಂಬ ಆಟವು 18ನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಬಳಕೆಗೆ ಬಂದಿತು. ಹಲಗೆಯ ಮೇಲೆ ಅಲ್ಲಲ್ಲಿ ಮೊಳೆ ಬಡಿದು, ನಡುವೆ ಕುಳಿಗಳನ್ನು ಕೊರೆದು, ಕೋಲಿನಿಂದ ಗುಂಡನ್ನು ಮೇಲಕ್ಕೆ ತಳ್ಳುವುದು ಅದರ ಕ್ರಮ. ಅಮೆರಿಕಕ್ಕೆ ಹೋಗಿ ನೆಲೆಸಿದ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬ ಆಂಗ್ಲೇಯನು 1871ರಲ್ಲಿ ಕೋಲಿನ ಬದಲಿಗೆ ಸ್ಪ್ರಿಂಗ್ ಅಳವಡಿಸಿದ ಎಳೆಗೂಟವನ್ನು ಸೇರಿಸಿ ಹಕ್ಕುಪತ್ರ ಪಡೆದನು. ಜಾತ್ರೆಯ ಅಂಗಡಿಗಳಲ್ಲಿ, ಪಾರದರ್ಶಕವಾದ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಸಣ್ಣ ಗುಂಡುಗಳು ಉರುಳಾಡುವ ಆಟಿಕೆಯನ್ನು ಕೊಂಡು ತಂದ ಮಕ್ಕಳಿಗೆ ಈ ಎಳೆಗೂಟವು ಅಪರಿಚಿತವಲ್ಲ. ಹಿಂದಕ್ಕೆಳೆದಷ್ಟೂ ಸ್ಪ್ರಿಂಗ್ ಬಿಗಿಯುತ್ತದೆ. ಆ ಬಿಗಿತವೇ ಬೆರಳಿಗೆ ಅಳತೆಗೋಲು.

1931ರಲ್ಲಿ ಷಿಕಾಗೋ ನಗರದ ಡೇವಿಡ್ ಗಾಟ್ಲೀಬ್ ಎಂಬಾತನು ಬ್ಯಾಫಲ್ ಬಾಲ್ ಎಂಬ ಯಂತ್ರವನ್ನು ಅಂಗಡಿಗಳಲ್ಲಿಡಿಸಿದಾಗ, ಕಾಸು ಹಾಕಿ ಆಡುವ ಈ ಆಟವು ದೇಶವ್ಯಾಪಿಯಾಯಿತು. ಆದರೆ ಅದರಲ್ಲಿ ಒಂದು ಕೊರತೆಯಿದ್ದಿತು. ಗುಂಡು ಒಮ್ಮೆ ಹೊರಟಿತೆಂದರೆ ಆಟಗಾರನು ಕೇವಲ ಪ್ರೇಕ್ಷಕ. ಮೊಳೆಯಿಂದ ಮೊಳೆಗೆ ಪುಟಿಯುತ್ತ ಅದು ಯಾವ ಕುಳಿಗೆ ಬೀಳುವುದೋ ಅದು ದೈವಚಿತ್ತ. ಇದು ಜೂಜೇ ಹೊರತು ಆಟವಲ್ಲವೆಂದು ನ್ಯೂಯಾರ್ಕಿನ ನಗರಾಧ್ಯಕ್ಷ ಲಾ ಗಾರ್ಡಿಯ 1942ರಲ್ಲಿ ಯಂತ್ರಗಳನ್ನೆಲ್ಲ ನಿಷೇಧಿಸಿ, ಸುತ್ತಿಗೆಯಿಂದ ಒಡೆಯಿಸಿದನು. 1947ರಲ್ಲಿ ಗಾಟ್ಲೀಬನ ಸಂಸ್ಥೆಯೇ ಹಂಪ್ಟಿ ಡಂಪ್ಟಿ ಎಂಬ ಹೊಸ ಯಂತ್ರವನ್ನು ಹೊರತಂದಿತು. ಅದರ ಹಲಗೆಯ ಇಕ್ಕೆಲಗಳಲ್ಲಿ ಮೂರು ಮೂರರಂತೆ ಆರು ಚಿಕ್ಕ ಹಿಡಿಕೆಗಳಿದ್ದವು. ಪೆಟ್ಟಿಗೆಯ ಪಕ್ಕದ ಗುಂಡಿಯನ್ನೊತ್ತಿದರೆ ಅವು ಮೇಲಕ್ಕೆ ಹೊಡೆದುಕೊಂಡು, ಜಾರಿ ಬರುವ ಗುಂಡನ್ನು ತಿರುಗಿ ಎಸೆಯುತ್ತಿದ್ದವು. ಫ್ಲಿಪ್ಪರ್ ಎಂದು ಅದರ ಹೆಸರು. ಕನ್ನಡದಲ್ಲಿ ರೆಕ್ಕೆ ಎಂದರೆ ಅರ್ಥಕ್ಕೆ ಲೋಪವಿಲ್ಲ. ರೆಕ್ಕೆಗಳು ಬಂದ ಮೇಲೂ ಸುಮಾರು ಮೂವತ್ತು ವರ್ಷ ನಿಷೇಧವು ತೊಲಗಲಿಲ್ಲ. 1976ರಲ್ಲಿ ರೋಜರ್ ಷಾರ್ಪ್ ಎಂಬ ತರುಣ ಲೇಖಕನು ನಗರಸಭೆಯ ಸದಸ್ಯರೆದುರು ಯಂತ್ರವನ್ನಾಡಿ, ಗುಂಡು ಇಂಥ ದಾರಿಯಲ್ಲಿಯೇ ಹೋಗುವುದೆಂದು ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿದ ಮೇಲೆ ಅದು ಕೌಶಲದ ಆಟವೆಂಬುದನ್ನು ಒಪ್ಪಿದರು.

ಜೂಜಿಗೂ ಆಟಕ್ಕೂ ಇರುವ ಅಂತರವು ಇಷ್ಟೇ: ಕೈ ಹೇಳಿದ್ದನ್ನು ಉಪಕರಣವು ಕೇಳುತ್ತದೆಯೋ ಇಲ್ಲವೋ ಎಂಬುದು. ಮಹಾಭಾರತದ ನಳೋಪಾಖ್ಯಾನವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ದಾಳಗಳು ತನ್ನ ಕೈಗೆ ಓಗೊಡದಿದ್ದುದರಿಂದ ನಳನು ರಾಜ್ಯವನ್ನು ಕಳೆದುಕೊಂಡನು. ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿದ್ದಾಗ ಆ ಅರಸನಿಗೆ ಅಶ್ವಹೃದಯವನ್ನು ಕೊಡಲೊಪ್ಪಿ ಅವನಿಂದ ಅಕ್ಷಹೃದಯವನ್ನು ಪಡೆದನು. ಕುದುರೆಯ ಹೃದಯವನ್ನು ಬಲ್ಲವನಿಗೆ ಲಗಾಮಿನ ಮೂಲಕ ಕುದುರೆಯು ಮಾತನಾಡುತ್ತದೆ. ಬೆರಳು ಎಳೆದರೆ ಕುದುರೆ ತಿರುಗುತ್ತದೆ, ಕುದುರೆ ಎಳೆದರೆ ಬೆರಳು ಅರಿಯುತ್ತದೆ. ಎರಡು ಕಡೆಯೂ ಹರಿಯುವ ಈ ಸಂಭಾಷಣೆಯೇ ನಿಯಂತ್ರಣವೆಂಬ ಪದದ ತಿರುಳು.

ಇಂತಹ ಆಟವನ್ನು ಗಣಕಯಂತ್ರದೊಳಕ್ಕೆ ತಂದವರು ಮೊದಲು ಕೀಲಿಮಣೆಯನ್ನೇ ಆಶ್ರಯಿಸಿದರು. 1995ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಿಂದ ಬಂದು, ಮುಂದೆ ವಿಂಡೋಸ್ ಎಕ್ಸ್‌ಪಿಯೊಡನೆ ಊರೂರಿನ ಕಂಪ್ಯೂಟರ್ ಕೋಣೆಗಳನ್ನು ಹೊಕ್ಕ ಸ್ಪೇಸ್ ಕೆಡೆಟ್ ಎಂಬ ಪಿನ್‌ಬಾಲ್ ಆಟದಲ್ಲಿ ಎಡಗಡೆಯ ರೆಕ್ಕೆಗೆ ಝಡ್ ಅಕ್ಷರದ ಕೀಲಿ, ಬಲಗಡೆಯದಕ್ಕೆ ಓರೆಗೆರೆಯ ಕೀಲಿ. ಕೀಲಿಗೆ ಅಂಚಿದೆ, ತಗ್ಗಿದೆ, ಒತ್ತಿದರೆ ಕೆಳಗಿಳಿದು ಮೇಲೇಳುವ ಗುಣವಿದೆ. ಒಮ್ಮೆ ಬೆರಳನ್ನಿಟ್ಟರೆ ಸಾಕು, ಕಣ್ಣು ಪರದೆಯ ಮೇಲಿನ ಗುಂಡನ್ನು ಹಿಂಬಾಲಿಸಬಹುದು.

2010ರಲ್ಲಿ ಐಪ್ಯಾಡ್ ಬಂದಿತು. ಅದರ ಬೆನ್ನಿಗೆ ಬೇರೆ ಬೇರೆ ಹೆಸರಿನ ಟ್ಯಾಬ್ಲೆಟ್ಟುಗಳು ಬಂದವು. ಟ್ಯಾಬ್ಲೆಟ್ಟೆಂದರೆ ಗುಳಿಗೆಯೆಂದೇ ತಿಳಿದಿದ್ದ ಹಳ್ಳಿಯ ಹಿರಿಯರು ಅದಕ್ಕೆ ಗಾಜಿನ ಪಾಟಿಯೆಂದು ತಾವೇ ಹೆಸರಿಟ್ಟರು. ಆ ಹೆಸರು ಸೊಗಸಾಗಿಯೂ ಇದೆ, ಯಥಾರ್ಥವಾಗಿಯೂ ಇದೆ. ಪಿನ್‌ಬಾಲ್ ಹಲಗೆಯು ಉದ್ದನೆಯದು, ಪಾಟಿಯನ್ನು ನಿಲುವಾಗಿ ಹಿಡಿದರೆ ಅದರ ಆಕಾರಕ್ಕೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಈ ಆಟವು ಅಲ್ಲಿ ಬಹುಬೇಗ ನೆಲೆಯೂರಿತು. ಆದರೆ ಕಷ್ಟವೂ ಅಲ್ಲಿಯೇ ಇದ್ದಿತು. ಗಾಜು ನುಣುಪು. ಅದರ ಮೇಲೆ ಗುಂಡಿಯ ಚಿತ್ರವನ್ನು ಬರೆಯಬಹುದಲ್ಲದೆ ಗುಂಡಿಯನ್ನಿಡಲಾಗದು. ಚಿತ್ರದ ಗುಂಡಿಯು ಬೆರಳಿನ ಕೆಳಗಿದೆಯೋ ಪಕ್ಕದಲ್ಲಿದೆಯೋ ತಿಳಿಯಬೇಕಾದರೆ ನೋಡಲೇಬೇಕು. ನೋಡಿದ ಅರೆಕ್ಷಣದಲ್ಲಿ ಗುಂಡು ಎರಡು ರೆಕ್ಕೆಗಳ ನಡುವಿನ ಸಂದಿಯಲ್ಲಿ ಜಾರಿ ಹೋಗಿರುತ್ತದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ ನುಡಿಸುತ್ತಿದ್ದುದನ್ನು ಕೇಳಿದವರು ಉತ್ತರ ಕರ್ನಾಟಕದಲ್ಲಿ ಅಸಂಖ್ಯರು. ದೃಷ್ಟಿಯಿಲ್ಲದ ಆ ಮಹನೀಯರ ಬೆರಳಿಗೆ ಯಾವ ಸ್ವರ ಎಲ್ಲಿದೆಯೆಂದು ಹೇಳುತ್ತಿದ್ದುದು ಏನು? ಕರಿಯ ಮನೆಗಳು ಎರಡು ಮತ್ತು ಮೂರರ ಗುಂಪಾಗಿ ಎತ್ತರದಲ್ಲಿ ನಿಂತಿವೆ. ಅವುಗಳ ನಡುವಿನ ತೆರಪೇ ಬೆರಳಿಗೆ ದಾರಿದೀಪ. ಬ್ರೈಲ್ ಲಿಪಿಯ ಆರು ಚುಕ್ಕೆಗಳೂ ಉಬ್ಬಿಯೇ ಮಾತನಾಡುತ್ತವೆ. ಇಂಥ ಹಾರ್ಮೋನಿಯಮ್ಮಿನ ಚಿತ್ರವನ್ನು ಗಾಜಿನ ಮೇಲೆ ಬಿಡಿಸಿಟ್ಟರೆ ಎಂಥ ಗವಾಯಿಯ ಬೆರಳೂ ಮೂಕವಾದೀತು.

ಈ ಕಷ್ಟಕ್ಕೆ ಪಿನ್‌ಬಾಲ್ ಆಟಗಳನ್ನು ರಚಿಸುವವರು ಕಂಡುಕೊಂಡ ಪರಿಹಾರವು ಮೆಚ್ಚತಕ್ಕದ್ದು. ಗುಂಡಿಯ ಚಿತ್ರವನ್ನೇ ಅವರು ತೆಗೆದುಹಾಕಿದರು. ಪರದೆಯ ಎಡಗಡೆಯ ಅರ್ಧವೆಲ್ಲ ಎಡರೆಕ್ಕೆಯ ಗುಂಡಿ, ಬಲಗಡೆಯ ಅರ್ಧವೆಲ್ಲ ಬಲರೆಕ್ಕೆಯದು. ಎಲ್ಲಿ ಮುಟ್ಟಿದರೂ ಸರಿಯೇ. ಬೆರಳು ಹುಡುಕಬೇಕಾದುದು ಏನೂ ಉಳಿಯಲಿಲ್ಲವಾದ್ದರಿಂದ ಕಣ್ಣಿಗೆ ಬಿಡುವಾಯಿತು. ಒತ್ತಿ ಹಿಡಿದರೆ ರೆಕ್ಕೆ ಎತ್ತಿಯೇ ನಿಲ್ಲುವುದು, ಗುಂಡು ಅದರ ಬಗಲಲ್ಲಿ ತೊಟ್ಟಿಲ ಮಗುವಿನಂತೆ ತಂಗುವುದು. ಎಳೆಗೂಟವನ್ನು ಮಾತ್ರ ಬೆರಳಿಟ್ಟು ಕೆಳಕ್ಕೆ ಜಾರಿಸಿ ಬಿಡಬೇಕು. ಇಲ್ಲಿ ಸ್ಪ್ರಿಂಗಿನ ಬಿಗಿತವಿಲ್ಲದ ಕಾರಣ ಎಷ್ಟು ಎಳೆದೆವೆಂಬುದನ್ನು ಕಣ್ಣೇ ಹೇಳಬೇಕು. ಗುಂಡು ಇನ್ನೂ ಹೊರಡದಿರುವಾಗ ಕಣ್ಣಿಗೆ ಬೇರೆ ಕೆಲಸವಿಲ್ಲವಾಗಿ ಅದೊಂದು ದೋಷವೆನಿಸುವುದಿಲ್ಲ. ಪಾಟಿಯನ್ನು ಹಿಡಿದ ಅಂಗೈ ಅರಿಯದೆ ಗಾಜಿಗೆ ತಾಗಿ ರೆಕ್ಕೆ ಸುಮ್ಮನೆ ಹೊಡೆದುಕೊಳ್ಳುವುದೂ, ಅಂಚಿನಿಂದ ಬೆರಳು ಜಾರಿ ಆಟವೇ ಮರೆಯಾಗಿ ಬೇರಾವುದೋ ಪುಟ ತೆರೆದುಕೊಳ್ಳುವುದೂ ಇಂದಿಗೂ ಉಂಟು.

ಇನ್ನೊಂದು ಅಂಗ ಉಳಿದಿದೆ. ನಿಜವಾದ ಯಂತ್ರವನ್ನಾಡುವವರು ಗುಂಡು ತಪ್ಪು ದಾರಿ ಹಿಡಿದಾಗ ಪೆಟ್ಟಿಗೆಯನ್ನೇ ಸೊಂಟದಿಂದ ಮೆಲ್ಲಗೆ ನೂಕುತ್ತಾರೆ. ಮಿತಿಮೀರಿ ನೂಕಿದವರನ್ನು ಹಿಡಿಯಲು ಹ್ಯಾರಿ ವಿಲಿಯಮ್ಸ್ ಎಂಬಾತನು 1930ರ ದಶಕದಲ್ಲಿ ಟಿಲ್ಟ್ ಎಂಬ ಕಾವಲುಗಾರನನ್ನು ಯಂತ್ರದೊಳಗಿಟ್ಟನು. ಪೆಟ್ಟಿಗೆ ಹೆಚ್ಚು ಅಲುಗಿದರೆ ರೆಕ್ಕೆಗಳು ಸತ್ತುಹೋಗುತ್ತವೆ. ಪಾಟಿಯಲ್ಲಿ ಈ ನೂಕನ್ನು ಗ್ರಹಿಸಲು, ಚಲನೆಯನ್ನು ಅಳೆಯುವ ಸಾಸಿವೆಯಷ್ಟು ಗಾತ್ರದ ಅವಯವವೊಂದಿದೆ. ಅದು ಕನ್ನಡ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಮೊದಲಾದವರು ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕದ ಅಮಿಡ ಎಂಬ ಮಾದರಿಯು 2004ರಲ್ಲಿಯೇ, ಅಂದರೆ ಐಫೋನ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ, ಇಂತಹ ಅವಯವವನ್ನು ಹೊಂದಿದ್ದಿತು. ಆ ಯಂತ್ರವು ಬಹುಕಾಲ ಬಾಳಲಿಲ್ಲ, ಅದು ಬೇರೆಯ ಕಥೆ.

ಇಷ್ಟಾದ ಮೇಲೆ ಆಲಮೇಲದ ಮನೆಯೊಂದರ ಕಟ್ಟೆಗೆ ಬರಬಹುದು. ಪುಣೆಯಿಂದ ಬೇಸಿಗೆಯ ರಜೆಗೆ ಬಂದ ಹತ್ತು ವರ್ಷದ ಮೊಮ್ಮಗನೊಬ್ಬನು ತನ್ನ ಪಾಟಿಯಲ್ಲಿ ಪಿನ್‌ಬಾಲ್ ಆಡುತ್ತ ಕುಳಿತಿದ್ದನು. ಎಪ್ಪತ್ತು ದಾಟಿದ ಅಜ್ಜನು ಬಗಲಲ್ಲಿ ಕುಳಿತು ಬಹಳ ಹೊತ್ತು ನೋಡಿದನು. ತರುಣನಾಗಿದ್ದಾಗ ಗೋಲಿಯಲ್ಲಿ ಓಣಿಗೆಲ್ಲ ಹೆಸರಾಗಿದ್ದವನು ಆತ. ಆಟದ ಮರ್ಮವು ತಿಳಿಯಲು ತಡವಾಗಲಿಲ್ಲ. "ತಮ್ಮಾ, ಒಂದ್ ಪಾಳಿ ನನಗ ಕೊಡು" ಎಂದು ಪಾಟಿಯನ್ನು ತೆಗೆದುಕೊಂಡು ಎರಡು ಹೆಬ್ಬೆರಳುಗಳನ್ನೂ ಗಾಜಿನ ಮೇಲೂರಿದನು. ಗುಂಡು ಬಂದಿತು. ಬೆರಳು ಸರಿಯಾದ ಕ್ಷಣಕ್ಕೆ ಸರಿಯಾಗಿಯೇ ತಟ್ಟಿತು. ರೆಕ್ಕೆ ಏಳಲಿಲ್ಲ. ಎರಡನೆಯ ಸಲ ಬಲವಾಗಿ ಒತ್ತಿದನು, ಏಳಲಿಲ್ಲ. ಮೂರನೆಯ ಸಲ ಎದ್ದಿತು, ಆದರೆ ಗುಂಡು ಹೋದ ಮೇಲೆ. "ಇದಕ್ಕ ನನ್ನ ಬಟ್ಟು ಕಾಣವಲ್ದೇನೋ?" ಎಂದು ಅಜ್ಜನು ಕೇಳಿದ್ದಕ್ಕೆ, "ಜೋರ್ ಒತ್ತಬ್ಯಾಡ ಅಜ್ಜಾ, ಸುಮ್ ಮುಟ್ಟು" ಎಂದು ಹುಡುಗನೆಂದನು. ಸುಮ್ಮನೆ ಮುಟ್ಟಿದರೂ ಅಷ್ಟೇ ಆಯಿತು.

ಹುಡುಗನ ಮಾತಿನಲ್ಲಿ ಸತ್ಯವಿದ್ದಿತು. ತರ್ಕಸಂಗ್ರಹದಲ್ಲಿ ಸ್ಪರ್ಶವನ್ನು ಶೀತ, ಉಷ್ಣ, ಅನುಷ್ಣಾಶೀತ ಎಂದು ಮೂರು ಬಗೆಯಾಗಿ ಹೇಳಿದೆ. ಈ ಗಾಜಿನ ತ್ವಗಿಂದ್ರಿಯಕ್ಕೆ ಆ ಮೂರೂ ಬೇಕಿಲ್ಲ, ಒತ್ತಡವೂ ಬೇಕಿಲ್ಲ. ಗಾಜಿನ ಒಳಮೈಗೆ ಇಂಡಿಯಂ ಮತ್ತು ತವರದ ಆಕ್ಸೈಡನ್ನು ಕಣ್ಣಿಗೆ ಕಾಣದಷ್ಟು ತೆಳುವಾಗಿ, ಅಡ್ಡ ಉದ್ದ ಸಾಲುಗಳಲ್ಲಿ ಲೇಪಿಸಿರುತ್ತಾರೆ. ಆ ಸಾಲುಗಳಲ್ಲಿ ಅತ್ಯಲ್ಪವಾದ ವಿದ್ಯುತ್ತು ನೆಲಸಿರುತ್ತದೆ. ಮನುಷ್ಯದೇಹವು ನೀರು ಮತ್ತು ಲವಣಗಳ ಮೊತ್ತವಾದ್ದರಿಂದ ಬೆರಳು ಸಮೀಪಿಸಿದೊಡನೆ ಆ ವಿದ್ಯುತ್ತಿನ ಒಂದಂಶವನ್ನು ತನ್ನ ಕಡೆಗೆ ಸೆಳೆಯುತ್ತದೆ. ಯಾವ ಸಾಲಿನಲ್ಲಿ ಕೊರೆ ಬಿದ್ದಿತೆಂಬುದನ್ನು ಯಂತ್ರವು ಸೆಕೆಂಡಿಗೆ ಹಲವು ಹತ್ತು ಸಲ ಎಣಿಸುತ್ತದೆ. ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬುವರು 1965ರಲ್ಲಿ ಪ್ರಕಟಿಸಿದ ತತ್ತ್ವವಿದು. ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರಿಗೆಂದು ಮೊದಲು ಯೋಚಿಸಿದ್ದು. ಬೆರಳು ಮೃದುವಾಗಿ, ಸ್ವಲ್ಪ ತೇವದಿಂದ ಕೂಡಿದ್ದರೆ ಎಣಿಕೆಯು ಸುಲಭ. ಚರ್ಮವು ಒಣಗಿ ದಡ್ಡುಗಟ್ಟಿದ್ದರೆ, ಜೀವಂತವಾದ ಮಾಂಸಕ್ಕೂ ಗಾಜಿಗೂ ನಡುವೆ ಒಂದು ಗೋಡೆ ನಿಂತಂತೆ. ಆಗ ಕೊರೆಯು ಎಷ್ಟು ಅಲ್ಪವಾಗಿರುತ್ತದೆಂದರೆ ಯಂತ್ರವು ಅದನ್ನು ಬೆರಳೆಂದು ಪರಿಗಣಿಸುವುದೇ ಇಲ್ಲ.

ಅಜ್ಜನ ಹೆಬ್ಬೆರಳು ಅಂಥದು. ಈ ಭಾಗದಲ್ಲಿ ಹಿಂಗಾರಿಯ ಬಿಳಿಜೋಳವನ್ನು ಕುಡುಗೋಲಿನಿಂದ ಕೊಯ್ಯುವುದಕ್ಕಿಂತ ಬೇರುಸಹಿತ ಕೀಳುವುದೇ ಹೆಚ್ಚು. ಎರೆಯ ನೆಲ ಬಿರುಕುಬಿಟ್ಟು ಬಿಗಿದುಕೊಂಡಿರುವ ಕಾಲದಲ್ಲಿ ದಂಟನ್ನು ಹಿಡಿದು ಎಳೆದೆಳೆದು ಐವತ್ತು ಸುಗ್ಗಿಗಳನ್ನು ಕಂಡ ಕೈಗೆ ಗಾಜು ಕಿವುಡಾಗಿದ್ದರೆ ಅದು ಕೈಯ ದೋಷವೆನ್ನಬಹುದೆ?

ಇಲ್ಲಿ ಒಂದು ವಿಪರ್ಯಾಸವನ್ನು ಹೇಳದಿರಲಾಗದು. ಭಾರತ ಸರಕಾರವು ವಿದ್ಯಾರ್ಥಿಗಳಿಗೆಂದು 2011ರ ಅಕ್ಟೋಬರಿನಲ್ಲಿ ಹೊರತಂದ ಆಕಾಶ್ ಎಂಬ ಅಗ್ಗದ ಟ್ಯಾಬ್ಲೆಟ್ಟಿನ ಪರದೆಯು ಬೇರೊಂದು ಜಾತಿಯದು. ನಡುವೆ ತೆರಪುಳ್ಳ ಎರಡು ತೆಳುಪದರಗಳು, ಮೇಲಿನದನ್ನು ಅದುಮಿದರೆ ಕೆಳಗಿನದಕ್ಕೆ ತಾಗುತ್ತದೆ. ತಾಗಿದ ಎಡೆಯನ್ನು ಯಂತ್ರವು ಗುರುತಿಸುತ್ತದೆ. ಅದಕ್ಕೆ ಉಗುರಾದರೂ ಸರಿ, ಕಡ್ಡಿಯಾದರೂ ಸರಿ, ದಡ್ಡುಗಟ್ಟಿದ ಹೆಬ್ಬೆರಳಾದರೂ ಸರಿ. ಅದು ಮಂದವಾಗಿದೆಯೆಂದು ಪೇಟೆಯವರು ನಕ್ಕರು. 2012ರ ನವೆಂಬರಿನಲ್ಲಿ ಬಂದ ಎರಡನೆಯ ಆಕಾಶ್‌ದಲ್ಲಿ ವಿದ್ಯುತ್ತನ್ನೆಣಿಸುವ ಗಾಜನ್ನೇ ಅಳವಡಿಸಿದರು. ಪಿನ್‌ಬಾಲಿನ ದೃಷ್ಟಿಯಿಂದ ನೋಡಿದರೆ ನಕ್ಕವರು ಹೇಳಿದ್ದೂ ಸುಳ್ಳಲ್ಲ. ಹಳೆಯ ಪರದೆಗೆ ಸಾಮಾನ್ಯವಾಗಿ ಒಂದು ಕಾಲಕ್ಕೆ ಒಂದೇ ಸ್ಪರ್ಶವು ತಿಳಿಯುತ್ತಿದ್ದುದರಿಂದ ಎರಡು ರೆಕ್ಕೆಗಳನ್ನು ಒಟ್ಟಿಗೆ ಎತ್ತುವುದು ಅದರಿಂದಾಗುತ್ತಿರಲಿಲ್ಲ. ಹೊಸದು ಹತ್ತು ಬೆರಳನ್ನೂ ಏಕಕಾಲಕ್ಕೆ ಅರಿಯಬಲ್ಲದು, ಆದರೆ ದುಡಿದ ಬೆರಳನ್ನು ಅರಿಯದು.

ಹೆಬ್ಬೆಟ್ಟು ಎಂಬ ಪದಕ್ಕೆ ಈ ನಾಡಿನಲ್ಲಿ ಬೇರೊಂದು ಅರ್ಥವೂ ಇದೆ. ಅಕ್ಷರ ಬಾರದವನು ಕಾಗದಕ್ಕೆ ಒತ್ತುತ್ತಿದ್ದ ಗುರುತು ಅದು. ಮಸಿ ಹಚ್ಚಿ ಒತ್ತಿದರೆ ಗೆರೆ ಸವೆದಿದ್ದರೂ ಕಾಗದವು ಬೇಡವೆನ್ನುತ್ತಿರಲಿಲ್ಲ. ಈಗ ಪಡಿತರದ ಅಂಗಡಿಯಲ್ಲಿ ಯಂತ್ರದ ಮೇಲೆ ಬೆರಳನ್ನಿಟ್ಟು ತಾನು ತಾನೇ ಎಂದು ಸಿದ್ಧಪಡಿಸಬೇಕಾಗಿದೆ. ಆ ಯಂತ್ರದ ಮರ್ಮವೇ ಬೇರೆ, ಅದು ಬೆರಳಿನ ಗೆರೆಗಳ ಚಿತ್ರವನ್ನು ಹಿಡಿಯುತ್ತದೆ. ಆದರೆ ಕೈ ಅದೇ. ಕಬ್ಬು ಕಡಿದವರು, ಕಲ್ಲು ಹೊತ್ತವರು, ಪಾತ್ರೆ ತಿಕ್ಕಿದವರು ಮೂರು ಸಲ, ನಾಲ್ಕು ಸಲ ಬೆರಳನ್ನೊತ್ತಿ, ಸೆರಗಿಗೋ ಧೋತರಕ್ಕೋ ಒರೆಸಿ, ಮತ್ತೆ ಒತ್ತುವುದನ್ನು ಯಾವ ಊರಿನಲ್ಲಾದರೂ ಕಾಣಬಹುದು. ಹತ್ತು ಬೆರಳುಗಳಲ್ಲಿ ಸ್ಪಷ್ಟವಾದುದು ಯಾವುದೆಂದು ಮೊದಲೇ ಪರೀಕ್ಷಿಸಿ ತಿಳಿಯುವ ಕ್ರಮವೊಂದು ಆಧಾರ್ ವ್ಯವಸ್ಥೆಯಲ್ಲಿಯೇ ಉಂಟು. ಕಣ್ಣಿನ ಪಾಪೆಯಿಂದ ಗುರುತಿಸುವ ಮಾರ್ಗವೂ ಉಂಟು. ಅವು ಬಳಕೆಗೆ ಬಾರದ ಕಡೆಯಲ್ಲಿ, ಯಂತ್ರವು ಇಂದು ಹೌದೆನ್ನುವುದೋ ಇಲ್ಲವೋ ಎಂದು ಕಾಯುವವನ ಸ್ಥಿತಿಯು ರೆಕ್ಕೆಯಿಲ್ಲದ ಕಾಲದ ಪಿನ್‌ಬಾಲ್ ಆಟಗಾರನ ಸ್ಥಿತಿಗಿಂತ ಭಿನ್ನವಲ್ಲ. ತನ್ನ ಪಾಲಿನ ಅಕ್ಕಿಯನ್ನು ಜೂಜಿನಲ್ಲಿ ಗೆದ್ದಂತೆ ಮನೆಗೆ ತರುವುದಾದರೆ ಅದನ್ನು ಹಕ್ಕೆಂದು ಹೇಗೆ ಕರೆಯುವುದು?

ಆಲಮೇಲದ ಅಜ್ಜನು ಸೋಲೊಪ್ಪುವ ಜಾತಿಯವನಲ್ಲ. ಮೊದಲು ಚರಗಿಯ ನೀರಿನಲ್ಲಿ ಹೆಬ್ಬೆರಳನ್ನದ್ದಿ ಆಡಿದನು. ರೆಕ್ಕೆ ಎದ್ದಿತು, ಆದರೆ ಗಾಜಿನ ಮೇಲೆ ಉಳಿದ ಹನಿಗಳನ್ನೂ ಬೆರಳುಗಳೆಂದು ಬಗೆದು ಯಂತ್ರವು ತಾನಾಗಿಯೇ ರೆಕ್ಕೆ ಬಡಿಯತೊಡಗಿತು. ಹುಡುಗನು ನಕ್ಕು ಗಾಜನ್ನು ಅಂಗಿಯ ತುದಿಯಿಂದ ಒರೆಸಿಕೊಟ್ಟನು. ಆಮೇಲೆ ಅಜ್ಜನು ಪಾಟಿಯನ್ನು ಕೈಯಲ್ಲಿ ಹಿಡಿಯುವುದನ್ನೇ ಬಿಟ್ಟು, ಕೂಡುವ ಮಣೆಯ ಮೇಲೆ ಅದನ್ನು ಮಲಗಿಸಿ, ಗೋಲಿಯಾಡುವವನಂತೆ ಬಾಗಿ ಕುಳಿತು, ಒಂದೊಂದೇ ಬೆರಳನ್ನು ಪರೀಕ್ಷಿಸಿದನು. ತೋರುಬೆರಳು ಆಗಲಿಲ್ಲ. ನಡುಬೆರಳು ಒಮ್ಮೆ ಆಯಿತು, ಒಮ್ಮೆ ಆಗಲಿಲ್ಲ. ಕಿರುಬೆರಳು ತಾಗಿದೊಡನೆ ರೆಕ್ಕೆ ಫಟ್ಟನೆ ಎದ್ದಿತು. ದಂಟನ್ನೆಳೆಯುವಾಗ ಭಾರವೆಲ್ಲ ಉಳಿದ ಬೆರಳುಗಳ ಮೇಲೆ ಬಿದ್ದು, ಈ ಎರಡು ಮಾತ್ರ ಹುಡುಗನ ಬೆರಳಿನಂತೆ ಮೆತ್ತಗೆ ಉಳಿದಿದ್ದವು.

ಆಟವನ್ನು ರಚಿಸಿದವರು ಹೆಬ್ಬೆರಳಿಗೆಂದು ಮೂಲೆಯಲ್ಲಿ ಚಿಕ್ಕ ಗುಂಡಿಯನ್ನಿಟ್ಟಿದ್ದರೆ ಅಜ್ಜನ ಸಾಹಸವು ಅಲ್ಲಿಗೇ ನಿಲ್ಲುತ್ತಿದ್ದಿತು. ಅರ್ಧ ಪರದೆಯೇ ಗುಂಡಿಯಾಗಿದ್ದುದರಿಂದ ಯಾವ ಬೆರಳು, ಯಾವ ಕೋನದಿಂದ, ಎಲ್ಲಿ ಮುಟ್ಟಬೇಕೆಂಬ ಕಟ್ಟಳೆಯಿರಲಿಲ್ಲ. ಯಾರದೋ ಹೆಬ್ಬೆರಳಿನ ಅನುಕೂಲಕ್ಕಾಗಿ ಮಾಡಿದ ವಿಶಾಲತೆಯಲ್ಲಿ ಭೀಮಾತೀರದ ಒಕ್ಕಲಿಗನ ಕಿರುಬೆರಳಿಗೂ ಎಡೆ ದೊರೆಯಿತು.

ಅನಂತರದ ಆಟವು ನೋಡತಕ್ಕದ್ದಾಗಿದ್ದಿತು. ಎರಡು ಕಿರುಬೆರಳುಗಳನ್ನು ಚಾಚಿ, ಉಳಿದೆಂಟನ್ನು ಮಡಚಿಕೊಂಡು ಕುಳಿತ ಅಜ್ಜನ ಕಣ್ಣು ಗುಂಡನ್ನು ಬಿಟ್ಟು ಕದಲಲಿಲ್ಲ. ಹುಡುಗನು ಬಂದ ಗುಂಡನ್ನೆಲ್ಲ ಬಡಿಯುತ್ತಿದ್ದನು. ಅಜ್ಜನು ರೆಕ್ಕೆಯನ್ನೆತ್ತಿ ಹಿಡಿದು, ಗುಂಡನ್ನು ಬಗಲಲ್ಲಿ ನಿಲ್ಲಿಸಿಕೊಂಡು, ಗುರಿ ನೋಡಿ ಬಿಡುತ್ತಿದ್ದನು. ಹುಡುಗನ ಅಂಕಗಳನ್ನು ದಾಟಲು ಇನ್ನೊಂದೇ ಹೊಡೆತವಿರುವಾಗ ಗುಂಡು ನಡುಸಂದಿಯ ಕಡೆಗೆ ವಾಲಿತು. ಅಜ್ಜನು ಗೋಲಿಯ ದಿನಗಳ ಹುರುಪಿನಲ್ಲಿ "ಏಯ್, ಆ ಕಡಿ!" ಎನ್ನುತ್ತ ಮಣೆಯ ಮಗ್ಗುಲಿಗೆ ಅಂಗೈಯಿಂದ ಬಲವಾಗಿ ಬಾರಿಸಿದನು. ಪಾಟಿಯೊಳಗಿನ ಸಾಸಿವೆಯಷ್ಟು ಕಾವಲುಗಾರನಿಗೆ ಆ ಏಟು ಚೆನ್ನಾಗಿಯೇ ತಿಳಿಯಿತು. ಟಿಲ್ಟ್ ಎಂಬ ಅಕ್ಷರಗಳು ಕೆಂಪಗೆ ಮಿನುಗಿದವು, ಎರಡು ರೆಕ್ಕೆಗಳೂ ಕೆಳಗೆ ಬಿದ್ದವು.

"ಏನಂತ ಬರದೈತಿ ಅದು?" ಎಂದು ಅಜ್ಜನು ಕೇಳಿದನು.

"ಮೋಸ ಅಂತ ಬರದೈತಿ ಅಜ್ಜಾ" ಎಂದು ಹುಡುಗನು ಪಾಟಿಯನ್ನು ತನ್ನ ಕಡೆಗೆ ಎಳೆದುಕೊಂಡನು.